ಚೀಟಿಯಲ್ಲಿದ್ದ ಸಂಖ್ಯೆ

ಒಂಬತ್ತು ಜನ ಹೆಂಗಸರು ಗುತ್ತಿಗೆ ಮೇಲೆ ಶುಂಠಿ ಕಿತ್ತರು. ಹತ್ತು ದಿನದ ಕೆಲಸ. ಒಟ್ಟು ಕೂಲಿ 27,720 ರೂಪಾಯಿ. ಮೇಸ್ತ್ರಿ ಲೆಕ್ಕದ ಚೀಟಿ ಕೊಟ್ಟ. ತಲೆಗೆ 3,000 ರೂಪಾಯಿ ಎಣಿಸಿದ.

"ಮಿಕ್ಕ ದುಡ್ಡು ಎಲ್ಲಪ್ಪ?" ಎಂದು ಅಜ್ಜಿ ಕೇಳಿದರು.

"ಒಂಬತ್ತು ಜನಕ್ಕೆ ಸಮ ಬರಲ್ಲ ಅಜ್ಜಿ. ಅದು ಚಿಲ್ಲರೆ, ಬಿಡು" ಎಂದ.

ಅಜ್ಜಿ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಗಂಟು ಬಿಚ್ಚಿದರು. "ಟೀಚರಮ್ಮ, ಇದು ನಿಜವಾಗ್ಲೂ ಸಮ ಬರಲ್ವಾ?" ಎಂದರು.

ಬನ್ನಿ ಅಕ್ಕಂದಿರೆ, ನಾವೂ ನೋಡೋಣ. ಸಂಖ್ಯೆಯನ್ನು ಬರೆಯಿರಿ: 27,720. ಇಪ್ಪತ್ತೇಳು ಸಾವಿರದ ಏಳುನೂರ ಇಪ್ಪತ್ತು. ಈಗ ಅದರ ಅಂಕಿಗಳನ್ನು ಕೂಡಿ.

2 + 7 + 7 + 2 + 0 = 18

ಒಂಬತ್ತೆರಡ್ಲ ಹದಿನೆಂಟು. 18 ಒಂಬತ್ತರ ಮಗ್ಗಿಯಲ್ಲಿದೆ. ಹಾಗಾದರೆ 27,720 ಕೂಡ ಒಂಬತ್ತು ಜನಕ್ಕೆ ಸಮ ಬರುತ್ತದೆ.

ಅದು ಹೇಗೆ? ಹತ್ತು ರೂಪಾಯಿಯನ್ನು ಒಂಬತ್ತು ಜನಕ್ಕೆ ಹಂಚಿ. ಒಂದು ರೂಪಾಯಿ ಉಳಿಯುತ್ತದೆ. ನೂರು ಹಂಚಿದರೂ ಒಂದೇ ಉಳಿಯುತ್ತದೆ. ಸಾವಿರ ಹಂಚಿದರೂ ಒಂದೇ. ಹತ್ತು ಸಾವಿರ ಹಂಚಿದರೂ ಒಂದೇ. ನಮ್ಮ ಸಂಖ್ಯೆಯಲ್ಲಿ 2 ಹತ್ತು ಸಾವಿರ, 7 ಸಾವಿರ, 7 ನೂರು, 2 ಹತ್ತು ಇವೆ. ಹಾಗಾಗಿ ಉಳಿಯುವುದು 2, 7, 7, 2. ಒಟ್ಟು 18. ಅದನ್ನೂ ತಲೆಗೆ ಎರಡರಂತೆ ಹಂಚಬಹುದು. ಕೊನೆಗೆ ಏನೂ ಉಳಿಯುವುದಿಲ್ಲ.

ಭಾಗಿಸಿ ನೋಡಿದೆವು: 27,720 ÷ 9 = 3,080. ತಲೆಗೆ 80 ರೂಪಾಯಿ ಕಡಿಮೆ ಬಂದಿತ್ತು. ಒಂಬತ್ತು ಜನರದು ಸೇರಿ 720 ರೂಪಾಯಿ. ಅದು ಚಿಲ್ಲರೆಯೇ?

ಬೆಳಿಗ್ಗೆ ಒಂಬತ್ತು ಜನರೂ ಒಟ್ಟಿಗೆ ಹೋದರು. ಅಜ್ಜಿ ಚೀಟಿ ಹಿಡಿದು, "ನೀನೇ ಕೂಡಿ ನೋಡಪ್ಪ" ಎಂದರು. ಮೇಸ್ತ್ರಿ ಮಾತಾಡದೆ 720 ರೂಪಾಯಿ ಎಣಿಸಿ ಕೊಟ್ಟ.

27,720ಕ್ಕೆ ಇನ್ನೂ ಒಂದು ಗುಣವಿದೆ. ಇಬ್ಬರಿಗೆ ಹಂಚಿ, ಏಳು ಜನಕ್ಕೆ ಹಂಚಿ, ಹನ್ನೊಂದು ಜನಕ್ಕೆ ಹಂಚಿ. 1ರಿಂದ 12ರವರೆಗೆ ಎಷ್ಟು ಜನರಿದ್ದರೂ ಸಮ ಬರುತ್ತದೆ. ಹೀಗೆ ಬರುವ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದು. ಹದಿಮೂರನೆಯವರು ಬಂದರೆ ಮಾತ್ರ ತಲೆಗೆ 2,132 ಬಂದು, 4 ರೂಪಾಯಿ ಉಳಿಯುತ್ತದೆ.

ಸಂಖ್ಯೆ ದೊಡ್ಡದೆಂದು ಹೆದರಬೇಡಿ. ಅದರ ಅಂಕಿಗಳು ನಿಮಗೆ ಗೊತ್ತಿರುವ ಅಂಕಿಗಳೇ.

ಅಭ್ಯಾಸ

1. 27,720 ರೂಪಾಯಿಯನ್ನು 12 ಜನಕ್ಕೆ ಹಂಚಿ. ಒಬ್ಬರಿಗೆ ಎಷ್ಟು?
2. 18,450 ಒಂಬತ್ತು ಜನಕ್ಕೆ ಸಮ ಬರುತ್ತದೆಯೇ? 18,460? ಅಂಕಿ ಕೂಡಿ ಹೇಳಿ.
3. ನಿಮ್ಮ ಮನೆಯಲ್ಲಿರುವ ಒಂದು ರಸೀದಿ ತನ್ನಿ. ಅದರ ಮೊತ್ತವನ್ನು ಗಟ್ಟಿಯಾಗಿ ಓದಿ.