ಸೊಂಟ ನೋವಿದೆ, ಅಡಿಕೆ ಹೆಕ್ಕಬಹುದೇ?

ಪ್ರಶ್ನೆ: ನನಗೆ 68 ವರ್ಷ. ಎರಡು ವರ್ಷಗಳಿಂದ ಸೊಂಟ ನೋವು. ಎಂ.ಆರ್.ಐ. ಮಾಡಿಸಿದಾಗ ಡಿಸ್ಕ್ ಸವೆದಿದೆ ಎಂದರು. ಬೆಲ್ಟ್ ಕಟ್ಟಿಕೊಳ್ಳುತ್ತೇನೆ. ತೋಟಕ್ಕೆ ಇಳಿಯಲೇಬೇಡಿ ಅಂತ ಮಕ್ಕಳ ಹಟ. ಕೆಲಸ ನಿಲ್ಲಿಸಿದರೆ ಗುಣವಾದೀತೇ?
– ಓದುಗರೊಬ್ಬರು, ನರಿಮೊಗರು

ಉತ್ತರ: ಪೂರ್ತಿ ನಿಲ್ಲಿಸಿದರೆ ನೋವು ಹೆಚ್ಚಾಗುವ ಸಂಭವವೇ ಜಾಸ್ತಿ. ಮಕ್ಕಳ ಕಾಳಜಿ ಸರಿ, ಸೂಚಿಸಿದ ಮದ್ದು ಸರಿಯಿಲ್ಲ.

ಮೊದಲು ಆ ರಿಪೋರ್ಟಿನ ಹೆದರಿಕೆ ಬಿಡಿ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳ ಬಗ್ಗೆ 2015ರಲ್ಲಿ ಒಂದು ವಿಶ್ಲೇಷಣೆ ಪ್ರಕಟವಾಯಿತು. ಅದರ ಪ್ರಕಾರ 60ರ ಪ್ರಾಯದವರಲ್ಲಿ ಶೇ. 88 ಮಂದಿಗೆ ಡಿಸ್ಕ್ ಸವೆತ ಇತ್ತು, ನೋವು ಮಾತ್ರ ಇರಲಿಲ್ಲ. ಕೂದಲು ನರೆತಂತೆ ಇದೂ ಪ್ರಾಯದ ಗುರುತು. ಬರೀ ಫಿಲ್ಮ್ ನೋಡಿ ನೋವಿನ ಮೂಲ ಇಲ್ಲೇ ಎಂದು ಬೆರಳಿಟ್ಟು ತೋರಿಸಲಾಗದು.

ಮೂರು ತಿಂಗಳು ದಾಟಿದ ಸೊಂಟ ನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ವ್ಯಾಯಾಮ, ನೋವಿನ ಬಗ್ಗೆ ಸರಿಯಾದ ತಿಳಿವಳಿಕೆ, ತಿಕ್ಕುವ ಚಿಕಿತ್ಸೆ ಇವೆಲ್ಲ ಅದರಲ್ಲಿವೆ. ಬೆಲ್ಟ್ ಬೇಡ, ತೂಕ ಕಟ್ಟಿ ಎಳೆಯುವ ಟ್ರಾಕ್ಷನ್ ಬೇಡ ಎಂದೂ ಇದೆ. ನಿಮ್ಮ ಬೆಲ್ಟನ್ನು ಇಂದೇ ಬಿಸಾಡಬೇಕಿಲ್ಲ. ಕಟ್ಟುವ ಹೊತ್ತನ್ನು ಕಡಿಮೆ ಮಾಡುತ್ತ ಬನ್ನಿ.

ಇನ್ನು ತೋಟ. ಅಡಿಕೆ ಹೆಕ್ಕುವುದರಲ್ಲಿ ತೊಂದರೆ ಕೊಡುವುದು ಬಗ್ಗುವುದಲ್ಲ, ಬಗ್ಗಿದವರು ಗಂಟೆಗಟ್ಟಲೆ ಹಾಗೆಯೇ ಇರುವುದು. ಕಾಲು ಗಂಟೆ ಹೆಕ್ಕಿ, ಬುಟ್ಟಿ ಅರ್ಧ ತುಂಬಿದಾಗಲೇ ಎತ್ತಿ ಅಂಗಳಕ್ಕೆ ನಡೆಯಿರಿ. ಒಣ ಹಾಕಿದ್ದನ್ನು ಒಮ್ಮೆ ಕಾಲಾಡಿಸಿ ಮಗುಚಿ, ಮತ್ತೆ ಇಳಿಯಿರಿ. ಅಡಿಕೆ ಸುಲಿಯಲು ನೆಲಕ್ಕೆ ಕೂರಬೇಡಿ. ಎತ್ತರದ ಆಸನ ಇರಲಿ, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಗೋಣಿ ಹೊರುವ ಕೆಲಸ ಮಕ್ಕಳಿಗಿರಲಿ, ಅವರ ಹಟಕ್ಕೂ ಅಷ್ಟು ಮರ್ಯಾದೆ ಕೊಟ್ಟಂತಾಗುತ್ತದೆ!

ತೋಟದ ಕೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಇವನ್ನು ಎಂಟು ಹತ್ತು ಸಲ ದಿನಾ ಮಾಡಿ. ಜೊತೆಗೆ ನಡಿಗೆ. ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಗಿದೆ. ಸಲಹೆ ಪಡೆದು ಕ್ರಮವಾಗಿ ನಡೆದವರಿಗೆ ನೋವು ಮರುಕಳಿಸಲು ಸಾಮಾನ್ಯವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112. ಮೊದಮೊದಲು ಸ್ವಲ್ಪ ನೋವು ಏರಿದರೆ ಗಾಬರಿ ಬೇಡ.

ಆದರೆ ಒಂದನ್ನು ಗಮನಿಸಿ. ಗುಡ್ಡ ಇಳಿಯುವಾಗ ಕಾಲು ಜೋಮು ಹಿಡಿದು, ಕೂತರೆ ಅಥವಾ ಮುಂದೆ ಬಾಗಿದರೆ ಹಾಯೆನಿಸುತ್ತದೆಯೇ? ಹಾಗಿದ್ದರೆ ಬೆನ್ನುಹುರಿಯ ದಾರಿ ಇಕ್ಕಟ್ಟಾಗಿರಬಹುದು. ಅಂಥವರಿಗೆ ವ್ಯಾಯಾಮವೇ ಬೇರೆ, ವೈದ್ಯರನ್ನು ಕಾಣಿ. ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಕಾಲಿನ ಬಲ ಕುಂದಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ತೂಕ ಇಳಿಕೆ, ಮಲಗಿದರೂ ತಗ್ಗದ ರಾತ್ರಿಯ ನೋವು, ಜಾರಿ ಬಿದ್ದ ಮೇಲೆ ಶುರುವಾದ ನೋವು, ಇವನ್ನೂ ಮುಂದೂಡಬೇಡಿ. ಟೊಳ್ಳಾದ ಮೂಳೆ ಸಣ್ಣ ಏಟಿಗೂ ಮುರಿಯುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ಸೋಗೆ ಹಾಸುವ ರೂಢಿ ನಮ್ಮಲ್ಲಿ ಇರುವುದು ಹಾವಸೆ ಜಾರದಿರಲೆಂದೇ, ಅದನ್ನು ಬಿಡಬೇಡಿ.

ಎಣ್ಣೆ ಹಚ್ಚಿ ಬಿಸಿನೀರು ಹುಯ್ದುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಮೈ ಸಡಿಲಾದ ಆ ಹೊತ್ತಿನಲ್ಲೇ ವ್ಯಾಯಾಮ ಮಾಡಿ. ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಯನ್ನು ಮಾತ್ರ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಬೇಡಿ. ನಿಮ್ಮ ಪ್ರಾಯದಲ್ಲಿ ಅದು ಕಿಡ್ನಿಗೂ ಹೊಟ್ಟೆಗೂ ಅಪಾಯ, ರಕ್ತದೊತ್ತಡವನ್ನೂ ಏರಿಸುತ್ತದೆ. ಮುಂದಿನ ಸಲ ಡಾಕ್ಟರಲ್ಲಿಗೆ ಹೋಗುವಾಗ ಎಂ.ಆರ್.ಐ. ಫಿಲ್ಮಿನ ಜೊತೆ ಮನೆಯಲ್ಲಿರುವ ಮಾತ್ರೆ, ಕಷಾಯ, ಪುಡಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ.