ಗಾಜಿನ ಆಚೆಯ ಕಾಯಕ: ಮಾಂಟೆರೇ ಕೊಲ್ಲಿಯ ಮತ್ಸ್ಯಾಲಯ

ಮತ್ಸ್ಯಾಲಯವನ್ನು ಕಾಣಹೋದವರ ಕಣ್ಣಿಗೆ ಬೀಳುವುದು ಗಾಜಿನ ಈಚೆಯ ನೋಟ ಮಾತ್ರ. ಬಣ್ಣಬಣ್ಣದ ಮೀನುಗಳು ಸುಳಿದಾಡುತ್ತವೆ; ಮಕ್ಕಳು ಬೆರಳು ಮಾಡಿ ತೋರಿಸುತ್ತಾರೆ; ಸ್ವಲ್ಪ ಹೊತ್ತಿನಲ್ಲಿ ನೋಟ ಮುಗಿಯುತ್ತದೆ. ಆ ನೀರು ಎಲ್ಲಿಂದ ಬಂದಿತು, ಆ ಜೀವಿಗಳಿಗೆ ಉಣಿಸುವವರು ಯಾರು, ರಾತ್ರಿ ದೀಪ ಆರಿದ ಮೇಲೆ ಅಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಏಳುವುದೇ ಇಲ್ಲ. ಆದರೆ ಮತ್ಸ್ಯಾಲಯದ ನಿಜವಾದ ಜೀವನವಿರುವುದು ಗಾಜಿನ ಆಚೆಗೆ. ಅಲ್ಲಿ ಹಗಲಿರುಳೂ ಸಾಗುವ ದುಡಿಮೆಯನ್ನೂ, ಆ ದುಡಿಮೆಯಿಂದ ಮೂಡುವ ಹೊಸ ಪ್ರದರ್ಶನಗಳನ್ನೂ ಒಟ್ಟಿಗೆ ಅರಿಯಲು ಅಮೆರಿಕದ ಮಾಂಟೆರೇ ಕೊಲ್ಲಿಯ ಮತ್ಸ್ಯಾಲಯ ಒಂದು ಉತ್ತಮ ನಿದರ್ಶನವಾಗಿದೆ.

ಸ್ಥಾಪನೆಯ ಹಿನ್ನೆಲೆ

ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಪೆಸಿಫಿಕ್ ಮಹಾಸಾಗರದ ದಂಡೆಯ ಮೇಲಿರುವ ಮಾಂಟೆರೇ ನಗರವು ಒಂದು ಕಾಲಕ್ಕೆ ಡಬ್ಬಿಮೀನಿನ ಕಾರ್ಖಾನೆಗಳಿಗೆ ಹೆಸರಾಗಿತ್ತು. ಕನ್ನಡ ಕರಾವಳಿಯವರು ಬೂತಾಯಿ ಎಂದು ಕರೆಯುವ ಮೀನಿನ ಬಳಗಕ್ಕೆ ಸೇರಿದ ಸಾರ್ಡಿನ್ ಮೀನು ಆ ಕೊಲ್ಲಿಯಲ್ಲಿ ಹೇರಳವಾಗಿತ್ತು. ಮಿತಿಮೀರಿದ ಬೇಟೆಯಿಂದಲೂ ಕಡಲಿನ ಸ್ಥಿತಿಗತಿಗಳು ಬದಲಾದುದರಿಂದಲೂ 1940ರ ದಶಕದ ಉತ್ತರಾರ್ಧದಲ್ಲಿ ಆ ಸಂಪತ್ತು ಕುಸಿದು ಬಿದ್ದಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 1916ರಲ್ಲಿ ಆರಂಭವಾಗಿದ್ದ ಹೋವ್ಡನ್ ಕಾರ್ಖಾನೆಯೂ 1973ರಲ್ಲಿ ಬಾಗಿಲೆಳೆಯಿತು.

ಆ ಪಾಳುಬಿದ್ದ ಕಾರ್ಖಾನೆಯ ನೆಲೆಯಲ್ಲಿಯೇ ಮತ್ಸ್ಯಾಲಯವೊಂದನ್ನು ಕಟ್ಟಬೇಕೆಂಬ ಆಲೋಚನೆ 1970ರ ದಶಕದ ಕೊನೆಯಲ್ಲಿ ಕೆಲವರು ಕಡಲಜೀವಿ ವಿಜ್ಞಾನಿಗಳಲ್ಲಿ ಮೊಳೆಯಿತು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಡೇವಿಡ್ ಪ್ಯಾಕರ್ಡ್ ಹಾಗೂ ಅವರ ಪತ್ನಿ ಲೂಸಿಲ್ ಇದಕ್ಕೆ 5.5 ಕೋಟಿ ಡಾಲರುಗಳ ದಾನವಿತ್ತರು. 1984ರ ಅಕ್ಟೋಬರ್ 20ರಂದು ಮತ್ಸ್ಯಾಲಯ ಪ್ರಾರಂಭವಾಯಿತು. ಕಟ್ಟಿದ ಮೇಲೆ ಸಂಸ್ಥೆಯು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕೆಂಬುದು ದಾನಿಗಳ ಆಶಯವಾಗಿದ್ದಿತು. ಹಣ ಕೊಟ್ಟುದರಲ್ಲಿಯೇ ಅವರು ತೃಪ್ತರಾಗಲಿಲ್ಲ. ದೊಡ್ಡ ತೊಟ್ಟಿಯೊಂದರಲ್ಲಿ ಅಲೆಯೆಬ್ಬಿಸುವ ಯಂತ್ರವನ್ನು ಡೇವಿಡ್ ಪ್ಯಾಕರ್ಡರೇ ರೂಪಿಸಿದರೆಂಬುದು ಗಮನಾರ್ಹ. ದಾನದೊಡನೆ ದುಡಿಮೆಯೂ ಕೂಡಿದಾಗ ಸಂಸ್ಥೆಯೊಂದಕ್ಕೆ ಗಟ್ಟಿಯಾದ ತಳಹದಿ ದೊರೆಯುತ್ತದೆ.

ನೀರಿನ ನಿರ್ವಹಣೆ

ಮತ್ಸ್ಯಾಲಯದ ಮೊದಲ ಪ್ರದರ್ಶನ ವಸ್ತು ಮೀನಲ್ಲ, ನೀರು. ಮೀನು ಉಸಿರಾಡುವುದೂ ವಿಸರ್ಜಿಸುವುದೂ ಅದೇ ನೀರಿನಲ್ಲಿ. ವಿಸರ್ಜನೆಯಿಂದ ಹುಟ್ಟುವ ಅಮೋನಿಯ ಸ್ವಲ್ಪ ಹೆಚ್ಚಾದರೂ ಅದಕ್ಕೆ ವಿಷ. ನೀರನ್ನು ಶೋಧಿಸಿ ಮರಳಿ ಬಳಸುವ ತೊಟ್ಟಿಗಳಲ್ಲಿ ಕೆಲವು ಬಗೆಯ ಬ್ಯಾಕ್ಟೀರಿಯಗಳು ಅಮೋನಿಯವನ್ನು ಮೊದಲು ನೈಟ್ರೈಟ್ ಆಗಿಯೂ ಬಳಿಕ ಅಷ್ಟೊಂದು ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಕಣ್ಣಿಗೆ ಕಾಣದ ಈ ಜೀವಿಗಳೇ ಅಲ್ಲಿನ ಮೊದಲ ಕಾಯಕಜೀವಿಗಳು.

ಮಾಂಟೆರೇ ಮತ್ಸ್ಯಾಲಯಕ್ಕೆ ಕಡಲೇ ನೆರೆಯಾಗಿರುವುದರಿಂದ ಕೊಳವೆಗಳ ಮೂಲಕ ಕೊಲ್ಲಿಯ ನೀರು ನೇರವಾಗಿ ಒಳಬರುತ್ತದೆ. ಹಗಲಿನಲ್ಲಿ ಅದನ್ನು ಶೋಧಿಸಿ ಬಿಡುತ್ತಾರೆ; ಇಲ್ಲವಾದರೆ ನೀರು ಮಬ್ಬಾಗಿ ಪ್ರೇಕ್ಷಕರಿಗೆ ಏನೂ ಕಾಣಿಸದು. ಪ್ರೇಕ್ಷಕರು ಮರಳಿದ ಮೇಲೆ, ರಾತ್ರಿಯ ವೇಳೆ, ಶೋಧಿಸದ ನೀರನ್ನೇ ಹರಿಯಗೊಡುತ್ತಾರೆ. ಅದರೊಡನೆ ಸೂಕ್ಷ್ಮಜೀವಿಗಳು, ಮರಿಹುಳುಗಳು, ಕಡಲಸಸ್ಯಗಳ ಬೀಜಾಣುಗಳು ಒಳಬರುತ್ತವೆ. ಬಂಡೆಗೆ ಅಂಟಿಕೊಂಡು ಬಾಳುವ ಜೀವಿಗಳಿಗೆ ಅದೇ ಊಟ. ಹೊಸ ಜೀವಿಗಳು ತಾವಾಗಿಯೇ ಬಂದು ನೆಲೆಸುವುದೂ ಉಂಟು. ಹಗಲು ನೋಡುವವರಿಗಾಗಿ, ಇರುಳು ಬಾಳುವವರಿಗಾಗಿ ಎಂಬ ಈ ಏರ್ಪಾಡು ಆ ಸಂಸ್ಥೆಯ ಧೋರಣೆಯನ್ನು ಸೂಚಿಸುತ್ತದೆ.

ಕಡಲ ಕಾಡು

ಪ್ಯಾಕರ್ಡರ ಅಲೆಯಂತ್ರವಿರುವುದು ಕೆಲ್ಪ್ ಎಂಬ ದೈತ್ಯ ಕಡಲಪಾಚಿಯ ಕಾಡನ್ನು ಬೆಳೆಸಿರುವ ತೊಟ್ಟಿಯಲ್ಲಿ. ಇದರ ಎತ್ತರ ಸುಮಾರು 28 ಅಡಿ. ಹಿಡಿಯುವ ನೀರು ಸುಮಾರು 13 ಲಕ್ಷ ಲೀಟರ್. ಬಿಸಿಲು ಬೀಳಲೆಂದು ಮೇಲ್ಭಾಗವನ್ನು ಆಕಾಶಕ್ಕೆ ತೆರೆದಿಟ್ಟಿದ್ದಾರೆ. ನೆಲದ ಗಿಡದಂತೆ ಕೆಲ್ಪ್ ಬೇರಿನಿಂದ ಆಹಾರವನ್ನು ಹೀರುವುದಿಲ್ಲ. ಅದರ ಬುಡ ಬಂಡೆಯನ್ನು ಹಿಡಿದುಕೊಳ್ಳುವುದಕ್ಕಷ್ಟೇ ಉಪಯುಕ್ತ. ಪೋಷಕಾಂಶಗಳನ್ನು ಎಲೆಗಳ ಮೈಯೇ ನೀರಿನಿಂದ ಪಡೆಯಬೇಕು. ನಿಂತ ನೀರಿನಲ್ಲಿ ಎಲೆಯ ಸುತ್ತಣ ಪೋಷಕಾಂಶ ಬೇಗನೆ ತೀರಿಹೋಗುವುದರಿಂದ ನೀರು ಸದಾ ಚಲಿಸುತ್ತಿರಬೇಕು. ಆದ್ದರಿಂದಲೇ ಅಲೆಯ ಯಂತ್ರ ಅಲಂಕಾರಕ್ಕಲ್ಲ, ಪ್ರಾಣಾಧಾರಕ್ಕಾಗಿ ಇದೆ.

ಇಲ್ಲಿ ಕೆಲ್ಪ್ ದಿನವೊಂದಕ್ಕೆ ಸರಾಸರಿ 10 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಅದನ್ನು ಕತ್ತರಿಸಿ ಹದದಲ್ಲಿಡಲು, ಗಾಜಿಗೆ ಕಟ್ಟುವ ಪಾಚಿಯನ್ನು ಉಜ್ಜಿ ತೆಗೆಯಲು ಮುಳುಗುಗಾರರು ತಣ್ಣೀರಿಗೆ ಇಳಿಯುತ್ತಾರೆ. ಇವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಗಾಜು ನಿರ್ಮಲವಾಗಿದ್ದಷ್ಟೂ ಅದನ್ನು ಉಜ್ಜಿದವನ ನೆನಪು ನೋಡುಗನಿಗೆ ಬರುವುದಿಲ್ಲ. ಅಂಥವನ ಕೆಲಸ ಪೂರ್ಣವಾಯಿತೆಂಬುದಕ್ಕೆ ಅದೇ ಗುರುತು.

ಲೋಳೆಮೀನಿನ ಸಾಕಣೆ

ಜೆಲ್ಲಿ ಮೀನು ಎಂದೂ ಹೆಸರಿರುವ ಲೋಳೆಮೀನು ವಾಸ್ತವವಾಗಿ ಮೀನೇ ಅಲ್ಲ. ಅದಕ್ಕೆ ಮೂಳೆಯೂ ಇಲ್ಲ, ಮಿದುಳೂ ಇಲ್ಲ. ಚೌಕದ ತೊಟ್ಟಿಯಲ್ಲಿ ಬಿಟ್ಟರೆ ಮೂಲೆಗೆ ಸೇರಿ, ಗೋಡೆಗೆ ತಾಗಿ, ಮೈ ಹರಿದು ಸಾಯುತ್ತದೆ. ಇಂಥ ಮೃದುಜೀವಿಗಳಿಗಾಗಿ ಜರ್ಮನಿಯ ವಿಜ್ಞಾನಿ ವುಲ್ಫ್ ಗ್ರೀವ್ 1960ರ ದಶಕದಲ್ಲಿ ಮೂಲೆಯಿಲ್ಲದ ದುಂಡು ತೊಟ್ಟಿಯನ್ನು ರೂಪಿಸಿದ್ದರು. ಅದರಲ್ಲಿ ನೀರು ಮೆಲ್ಲನೆ ಚಕ್ರಾಕಾರವಾಗಿ ಸುತ್ತುತ್ತಾ ಜೀವಿಯನ್ನು ಗೋಡೆಗೆ ತಾಗದಂತೆ ತೇಲಿಸುತ್ತದೆ. ಮಾಂಟೆರೇಯವರು ಈ ತತ್ತ್ವವನ್ನು ಬೆಳೆಸಿ 1992ರಲ್ಲಿ ಲೋಳೆಮೀನುಗಳಿಗೇ ಮೀಸಲಾದ ಪ್ರದರ್ಶನವನ್ನು ತೆರೆದರು.

ಆ ಪ್ರದರ್ಶನದ ಹಿಂದೆ ಒಂದು ತೊಟ್ಟಿಲಮನೆಯೇ ಇದೆ. ಚಂದ್ರ ಲೋಳೆಮೀನಿನ ಮರಿ ಮೊದಲು ಗಟ್ಟಿಯಾದ ಆಸರೆಯೊಂದಕ್ಕೆ ಅಂಟಿ, ಸಣ್ಣ ಹೂವಿನಂಥ ಪಾಲಿಪ್ ಆಗಿ ಬೆಳೆಯುತ್ತದೆ. ತಕ್ಕ ಕಾಲದಲ್ಲಿ ಪಾಲಿಪ್ ಬಿಲ್ಲೆಬಿಲ್ಲೆಯಾಗಿ ಕಳಚಿ, ಒಂದೊಂದು ಬಿಲ್ಲೆಯೂ ಈಜುವ ಮರಿಯಾಗುತ್ತದೆ. ಪಾಲಕರು ಪಾಲಿಪ್‌ಗಳನ್ನು ತಟ್ಟೆಗಳಲ್ಲಿ ಸಾಕುತ್ತಾರೆ. ಮರಿಗಳಿಗೆ ಉಣಿಸಲು ಉಪ್ಪುನೀರಿನ ಸೀಗಡಿಯ ಸೂಕ್ಷ್ಮ ಮರಿಗಳನ್ನು ಪ್ರತ್ಯೇಕವಾಗಿ ಹುಟ್ಟಿಸುತ್ತಾರೆ. ಹೀಗೆ ಒಂದು ಜೀವಿಯನ್ನು ಸಾಕುವುದೆಂದರೆ ಅದರ ಆಹಾರವನ್ನೂ ಸಾಕುವುದಾಗಿದೆ.

ನೀರುನಾಯಿಯ ತಾಯ್ತನ

ತುಂಗಭದ್ರೆಯಲ್ಲಿ ಕಾಣಸಿಗುವ ನೀರುನಾಯಿಯ ದೂರದ ಬಂಧುವಾದ ಕಡಲ ನೀರುನಾಯಿ ಕ್ಯಾಲಿಫೋರ್ನಿಯದ ದಂಡೆಯಲ್ಲಿ ವಾಸಿಸುತ್ತದೆ. ಚಳಿಯಿಂದ ಕಾಯುವ ಕೊಬ್ಬಿನ ಪದರ ಅದಕ್ಕಿಲ್ಲ; ದಟ್ಟವಾದ ತುಪ್ಪಳವೇ ಅದರ ರಕ್ಷೆ. ಆ ತುಪ್ಪಳಕ್ಕಾಗಿಯೇ ಮನುಷ್ಯನು ಅದನ್ನು ನಿರ್ವಂಶ ಮಾಡುವ ಹಂತಕ್ಕೆ ತಂದನು. 1911ರ ಅಂತರರಾಷ್ಟ್ರೀಯ ಒಪ್ಪಂದದಿಂದ ಬೇಟೆ ನಿಲ್ಲುವ ವೇಳೆಗೆ ಆ ದಂಡೆಯಲ್ಲಿ ಒಂದು ಸಣ್ಣ ಗುಂಪು ಮಾತ್ರ ಉಳಿದಿತ್ತು. ಇದರ ಪರಿಣಾಮ ಆ ಪ್ರಾಣಿಗಷ್ಟೇ ಸೀಮಿತವಲ್ಲ. ಕೆಲ್ಪನ್ನು ಮೇಯುವ ಅರ್ಚಿನ್ ಎಂಬ ಮುಳ್ಳುಮೈಯ ಜೀವಿಗಳನ್ನು ನೀರುನಾಯಿ ತಿನ್ನುತ್ತದೆ. ಅದು ಮರೆಯಾದೆಡೆಯಲ್ಲಿ ಅರ್ಚಿನ್‌ಗಳು ಹೆಚ್ಚಿ ಕಡಲ ಕಾಡು ಬೋಳಾಗುವುದುಂಟು.

ತಾಯಿಯಿಂದ ಅಗಲಿ ದಡಕ್ಕೆ ಬಿದ್ದ ನೀರುನಾಯಿಯ ಮರಿಗಳನ್ನು ಮತ್ಸ್ಯಾಲಯ ಪ್ರಾರಂಭದಿಂದಲೂ ಸಲಹುತ್ತ ಬಂದಿದೆ. ಮೊದಲ ವರ್ಷಗಳಲ್ಲಿ ಪಾಲಕರೇ ಮರಿಗಳನ್ನು ಎತ್ತಿ ಆಡಿಸಿ, ಈಜು ಕಲಿಸಿ, ಕಡಲಿಗೆ ಬಿಡುತ್ತಿದ್ದರು. ಆದರೆ ಹಾಗೆ ಬೆಳೆದ ಮರಿಗಳಲ್ಲಿ ಹಲವು ಮನುಷ್ಯರನ್ನೇ ಅರಸಿ ಬರುತ್ತಿದ್ದವು. ಕಡಲಿನ ಬಾಳು ಅವಕ್ಕೆ ಒಗ್ಗುತ್ತಿರಲಿಲ್ಲ. ಪ್ರೀತಿಯೇ ಇಲ್ಲಿ ಕೇಡಾಗಿ ಪರಿಣಮಿಸಿತ್ತು.

2001ರಲ್ಲಿ ರೋಗಪೀಡಿತವಾಗಿ ದಡ ಸೇರಿದ ಟೂಲಾ ಎಂಬ ಹೆಣ್ಣು ನೀರುನಾಯಿ ಮತ್ಸ್ಯಾಲಯದಲ್ಲಿ ಸತ್ತ ಮರಿಗೆ ಜನ್ಮವಿತ್ತಿತು. ಅದೇ ಸಮಯಕ್ಕೆ ಬಂದಿದ್ದ ಅನಾಥ ಮರಿಯೊಂದನ್ನು ಅದರ ಬಳಿ ಬಿಟ್ಟಾಗ ಟೂಲಾ ಅದನ್ನು ತನ್ನದೆಂದೇ ಸ್ವೀಕರಿಸಿತು. ಅಲ್ಲಿಂದ ಹೊಸ ಪದ್ಧತಿಯೊಂದು ರೂಢಿಗೆ ಬಂದಿತು. ಕಡಲಿಗೆ ಮರಳಲಾಗದ ಹೆಣ್ಣು ನೀರುನಾಯಿಗಳೇ ಈಗ ಸಾಕುತಾಯಂದಿರು. ಚಿಪ್ಪನ್ನು ಕಲ್ಲಿಗೆ ಬಡಿದು ಒಡೆಯುವುದನ್ನು, ತುಪ್ಪಳವನ್ನು ಒಪ್ಪಮಾಡಿಕೊಳ್ಳುವುದನ್ನು ಅವೇ ಕಲಿಸುತ್ತವೆ. ಮರಿಯ ಬಳಿ ಹೋಗಲೇಬೇಕಾದ ಪಾಲಕರು ಕಪ್ಪು ಮೇಲಂಗಿಯನ್ನೂ, ಬೆಸುಗೆಯವರು ಧರಿಸುವಂಥ ಮುಖವಾಡವನ್ನೂ ತೊಟ್ಟು ತಮ್ಮ ಗುರುತನ್ನು ಮರೆಮಾಚಿಕೊಳ್ಳುತ್ತಾರೆ. ಪ್ರೇಕ್ಷಕರಿಗೆ ಈ ಮರಿಗಳ ದರ್ಶನವಿಲ್ಲ. ಹೀಗೆ ಬೆಳೆದು ಸಮೀಪದ ಎಲ್ಕ್‌ಹಾರ್ನ್ ಹಿನ್ನೀರಿನಲ್ಲಿ ಬಿಡಲಾದ ನೀರುನಾಯಿಗಳೂ ಅವುಗಳ ಸಂತತಿಯೂ 2002ರಿಂದ 2016ರವರೆಗೆ ಅಲ್ಲಿ ಕಂಡ ಸಂಖ್ಯಾವೃದ್ಧಿಯ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಕಾರಣವೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕೈಬಿಟ್ಟ ಪ್ರದರ್ಶನ

ಎಲ್ಲ ಪ್ರಯತ್ನಗಳೂ ಹೀಗೆ ಸಾರ್ಥಕವಾಗಲಿಲ್ಲ. 2004ರಲ್ಲಿ ಎಳೆಯ ಬಿಳಿ ಶಾರ್ಕ್ ಒಂದನ್ನು ಸುಮಾರು 45 ಲಕ್ಷ ಲೀಟರಿನ ಬೃಹತ್ ತೊಟ್ಟಿಗೆ ತರಲಾಯಿತು. ಅದು 198 ದಿನ ಅಲ್ಲಿತ್ತು. ಅದಕ್ಕೆ ಮೊದಲು ಬೇರೆ ಯಾವ ಮತ್ಸ್ಯಾಲಯವೂ ಈ ಜಾತಿಯ ಮೀನನ್ನು ಅಷ್ಟು ದಿನ ಉಳಿಸಿಕೊಂಡಿರಲಿಲ್ಲ. ಜನ ಕಿಕ್ಕಿರಿದು ಬಂದರು. ಆದರೆ ಅದು ತೊಟ್ಟಿಯ ಬೇರೆ ಜಾತಿಯ ಎರಡು ಶಾರ್ಕ್‌ಗಳನ್ನು ಕೊಂದಿತು. 2005ರ ಮಾರ್ಚಿನಲ್ಲಿ ಅದನ್ನು ಕಡಲಿಗೆ ಬಿಟ್ಟರು. 2011ರವರೆಗೆ ಒಟ್ಟು ಆರು ಬಿಳಿ ಶಾರ್ಕ್‌ಗಳು ಪ್ರದರ್ಶನಗೊಂಡವು. ಕೊನೆಯದು ಕಡಲಿಗೆ ಬಿಟ್ಟ ಸ್ವಲ್ಪ ಕಾಲದಲ್ಲಿಯೇ ಸತ್ತಿತು. ಆ ಬಳಿಕ ಮತ್ಸ್ಯಾಲಯ ಬಿಳಿ ಶಾರ್ಕ್ ಅನ್ನು ಮತ್ತೆ ತರಲಿಲ್ಲ.

ಜೀವಿಗಳನ್ನು ಗಾಜಿನೊಳಗೆ ಇಡುವುದು ಎಷ್ಟರಮಟ್ಟಿಗೆ ಸಮ್ಮತ ಎಂಬ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ದಯೆಯನ್ನು ಧರ್ಮದ ಮೂಲವೆಂದು ಬಗೆಯುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಕಡಲನ್ನು ಕಾಣದವರಲ್ಲಿ ಕಡಲಿನ ಬಗೆಗೆ ಪ್ರೀತಿಯನ್ನು ಮೂಡಿಸುವುದು ಮತ್ಸ್ಯಾಲಯದ ಸಮರ್ಥನೆ. ಅದರಲ್ಲಿ ಹುರುಳಿದೆ. ಆದರೆ ಆ ಸಮರ್ಥನೆ ಎಲ್ಲ ಜೀವಿಗಳಿಗೂ ಸಮನಾಗಿ ಅನ್ವಯಿಸದು. ಸಾಗರವನ್ನೇ ಅಲೆದಾಡುವ ಪ್ರಾಣಿಗೆ ಎಷ್ಟು ದೊಡ್ಡ ತೊಟ್ಟಿಯೂ ಕಿರಿದೇ. ಯಾವುದನ್ನು ತೋರಿಸಬೇಕೆಂಬ ಜಾಣ್ಮೆಗಿಂತ ಯಾವುದನ್ನು ತೋರಿಸಬಾರದೆಂಬ ವಿವೇಕ ದೊಡ್ಡದು.

ಆಳಗಡಲಿನ ಹೊಸ ಪ್ರದರ್ಶನ

ಆ ವಿವೇಕಕ್ಕೂ ತಾಳ್ಮೆಗೂ ಹೊಸ ಪರೀಕ್ಷೆಯಾಗಿ ಬಂದುದು 2022ರ ಏಪ್ರಿಲ್‌ನಲ್ಲಿ ತೆರೆದ ಆಳಗಡಲಿನ ಪ್ರದರ್ಶನ. ಮಾಂಟೆರೇ ಕೊಲ್ಲಿಯ ತಳದಲ್ಲಿ ದಡದ ಸಮೀಪದಿಂದಲೇ ಆರಂಭವಾಗುವ ಮಹಾಕಂದರವಿದೆ. ಡೇವಿಡ್ ಪ್ಯಾಕರ್ಡರು 1987ರಲ್ಲಿ ಸ್ಥಾಪಿಸಿದ ಸೋದರ ಸಂಶೋಧನಾ ಸಂಸ್ಥೆಯು ಹಡಗಿನಿಂದಲೇ ನಡೆಸಬಹುದಾದ ಯಂತ್ರವಾಹನಗಳನ್ನು ಆ ಕತ್ತಲೆಗೆ ಇಳಿಸಿ ಅಲ್ಲಿನ ಜೀವಿಗಳನ್ನು ಅಧ್ಯಯನ ಮಾಡುತ್ತಿದೆ.

ಅಲ್ಲಿನ ನೀರು ಅತಿ ಶೀತಲ. ಕೆಲವು ಆಳಗಳಲ್ಲಿ ಆಮ್ಲಜನಕವೂ ಅತ್ಯಲ್ಪ. ಮೇಲ್ಕಡಲಿನ ಮೀನಿಗೆ ಪ್ರಾಣವಾಯುವಾದುದು ಅಲ್ಲಿನ ಜೀವಿಗೆ ಅತಿಯಾದರೆ ಹಾನಿಕರ. ಆದ್ದರಿಂದ ನೀರನ್ನು ತಣಿಸಿ, ಅದರಲ್ಲಿನ ಆಮ್ಲಜನಕವನ್ನು ಹೊರದೂಡಿ, ಆಮ್ಲೀಯತೆಯನ್ನು ಸರಿಹೊಂದಿಸುವ ಏರ್ಪಾಡನ್ನು ವರ್ಷಗಳ ಪ್ರಯೋಗದಿಂದ ಸಿದ್ಧಪಡಿಸಿದರು. ಒತ್ತಡದ ಬದಲಾವಣೆಯನ್ನು ಎಲ್ಲ ಜೀವಿಗಳೂ ತಾಳಲಾರವು. ಗಾಳಿಚೀಲವುಳ್ಳ ಮೀನು ಮೇಲೆ ಬಂದರೆ ಆ ಚೀಲ ಹಿಗ್ಗಿ ಕೆಡುತ್ತದೆ. ಗಾಳಿಚೀಲವಿಲ್ಲದ ಲೋಳೆಮೈಯ ಜೀವಿಗಳಲ್ಲಿ ಕೆಲವು ಬದುಕಬಲ್ಲವು. ಇಲ್ಲಿಯೂ ಆಯ್ಕೆಯ ವಿವೇಕವೇ ಮುಖ್ಯ.

ಅಲ್ಲಿ ಕಾಣುವ ಜೀವಿಗಳಲ್ಲಿ ಒಡಲು ರಕ್ತವರ್ಣವಾಗಿರುವ ಬಾಚಣಿಗೆ ಲೋಳೆಜೀವಿ ಬಹು ಕುತೂಹಲಕರವಾದುದು. ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟುದೇ 2001ರಲ್ಲಿ. ಕೆಂಪು ಬೆಳಕು ಆಳಗಡಲನ್ನು ತಲುಪದ ಕಾರಣ ಕೆಂಪು ಮೈ ಅಲ್ಲಿ ಕಪ್ಪಾಗಿಯೇ ತೋರುತ್ತದೆ. ತಾನು ನುಂಗಿದ ಜೀವಿಯ ಮೈಬೆಳಕು ಹೊರಗೆ ಕಂಡು ಶತ್ರುವಿಗೆ ಸುಳಿವಾಗದಂತೆ ಈ ಕೆಂಪು ಹೊಟ್ಟೆ ಮರೆಮಾಡುತ್ತದೆ ಎಂಬುದು ವಿಜ್ಞಾನಿಗಳ ಊಹೆ.

ಬಾಗಿಲು ಮುಚ್ಚಿದ ಕಾಲ

ಈ ಪ್ರದರ್ಶನದ ಸಿದ್ಧತೆ ನಡೆದಿರುವಾಗಲೇ ಕೋವಿಡ್ ಮಹಾಮಾರಿ ಬಂದೆರಗಿತು. 2020ರ ಮಾರ್ಚಿನಿಂದ 2021ರ ಮೇ ತಿಂಗಳವರೆಗೆ ಮತ್ಸ್ಯಾಲಯದ ಬಾಗಿಲು ಸಾರ್ವಜನಿಕರಿಗೆ ಮುಚ್ಚಿತ್ತು. ಪ್ರವೇಶಧನವನ್ನು ನೆಚ್ಚಿಕೊಂಡಿದ್ದ ಸಂಸ್ಥೆಗೆ ಆದಾಯದ ದೊಡ್ಡ ದಾರಿಯೇ ಕಟ್ಟಿಹೋಯಿತು. ಆದರೆ ಪಂಪುಗಳು ನಿಲ್ಲುವಂತಿರಲಿಲ್ಲ. ಮೀನಿಗೆ ಹಸಿವು ತಪ್ಪಲಿಲ್ಲ. ಗಾಜಿಗೆ ಪಾಚಿ ಕಟ್ಟುವುದು ಬಿಡಲಿಲ್ಲ. ನೋಡುವ ಒಂದು ಕಣ್ಣೂ ಇಲ್ಲದ ಆ ತಿಂಗಳುಗಳಲ್ಲಿ ಪಾಲಕರು ಎಂದಿನಂತೆ ಬಂದು ಉಣಿಸಿದರು, ತೊಳೆದರು, ಅಳೆದರು. ಮತ್ಸ್ಯಾಲಯದ ಉಸಿರು ಪ್ರೇಕ್ಷಕರಲ್ಲಿ ಇಲ್ಲವೆಂಬುದನ್ನು ಆ ಕಾಲ ಸ್ಪಷ್ಟಪಡಿಸಿತು.

ಉಪಸಂಹಾರ

ಶರಣರು ಕಾಯಕಕ್ಕೆ ಇತ್ತ ಬೆಲೆ ಅದನ್ನು ನೋಡುವವರ ಸಂಖ್ಯೆಯನ್ನು ಅವಲಂಬಿಸಿದುದಲ್ಲ. ಸಂಪಾದಿಸಿದುದು ದಾಸೋಹವಾಗಿ ಇತರ ಜೀವಿಗಳಿಗೆ ಸಲ್ಲಬೇಕೆಂಬುದೂ ಅವರ ನಿಲುವು. ಕಡಲಾಚೆಯ ಈ ಮತ್ಸ್ಯಾಲಯದ ಕಥನ ಆ ತತ್ತ್ವವನ್ನೇ ಬೇರೊಂದು ಬಗೆಯಲ್ಲಿ ನೆನಪಿಸುತ್ತದೆ. ವಿದ್ಯಾಸಂಸ್ಥೆಯ ಬಾಳೂ ಇದಕ್ಕಿಂತ ಬೇರೆಯಲ್ಲ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಕಾಣುವುದು ಗಾಜಿನ ಈಚೆಯ ನೋಟ. ಬೆಳಗಿನ ಜಾವ ಪ್ರಸಾದನಿಲಯದಲ್ಲಿ ಒಲೆ ಹೊತ್ತಿಸುವವರು, ಹಿಂದುಳಿದ ಹುಡುಗನೊಬ್ಬನಿಗೆ ಸಂಜೆ ಕುಳಿತು ಲೆಕ್ಕ ಹೇಳಿಕೊಡುವವರು, ಹೆಸರು ಬೇಡವೆಂದು ಕಾಣಿಕೆ ಕಳಿಸುವವರು ಗಾಜಿನ ಆಚೆಗಿರುತ್ತಾರೆ.

ಶಾಲೆಯ ಪ್ರಯೋಗಾಲಯದಲ್ಲಿ ಒಂದು ಸಣ್ಣ ಮೀನಿನ ತೊಟ್ಟಿಯನ್ನಿರಿಸಿ, ಅದರ ನೀರನ್ನು ಬದಲಿಸುವ, ಅಳತೆಯರಿತು ಉಣಿಸುವ, ರಜೆಯ ದಿನವೂ ಬಂದು ನೋಡುವ ಹೊಣೆಯನ್ನು ಮಕ್ಕಳಿಗೆ ವಹಿಸಿದರೆ, ಜೀವಶಾಸ್ತ್ರದ ಪಾಠದೊಡನೆ ಇನ್ನೊಂದು ಪಾಠವೂ ಅವರಿಗೆ ದಕ್ಕುವುದು. ಸಾಕುವ ಹೊಣೆಗೆ ರಜೆಯಿಲ್ಲವೆಂಬುದೇ ಆ ಪಾಠ.