ನನ್ನ ಹೆಸರಿಗೆ ನಾನೇ ಓನರ್ರಾ?

ಹೋದ ಸೆಮ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಹೆಲ್ಮೆಟ್ ಇಲ್ಲದ್ದಕ್ಕೆ 500 ರೂಪಾಯಿ ಚಲನ್ ಬಂತು. ಅವನ ಊರು ಇಂಡಿ ತಾಲೂಕಿನ ಸಾಲೋಟಗಿ, ಅಡ್ಡಹೆಸರೂ ಸಾಲೋಟಗಿ, ನಾವು ಕರೆಯೋದೂ ಹಾಗೇ. ದಂಡ ಕಟ್ಟೋದು ಬಿಟ್ಟು ಒಂದು ವಿಡಿಯೋ ತೋರಿಸಿದ. "ಹೆಸರಿಗೆ ಕಾಪಿರೈಟ್ ತಗೊಂಡ್ರ ಮುಗೀತಲೇ. ನನ್ನ ಪರ್ಮಿಷನ್ ಇಲ್ದ ಚಲನ್ ಮ್ಯಾಗ ಯಾರೂ ನನ್ನ ಹೆಸರು ಬರಿಯಂಗಿಲ್ಲ." ನಾನೂ ಒಂದೈದು ನಿಮಿಷ ನಂಬಿದೆ. ಆಮೇಲೆ ಇಬ್ಬರೂ ಕೂತು ಕಾಯ್ದೆ ಓದಿದೆವು.

ಈ ಥಿಯರಿ ಅಮೆರಿಕದ್ದು. ಅಲ್ಲಿ 'ಸಾವರಿನ್ ಸಿಟಿಜನ್' ಅಂತ ಹೇಳಿಕೊಳ್ಳೋರ ವಾದ ಹೀಗಿದೆ: ಸರ್ಕಾರಿ ಕಾಗದದಲ್ಲಿ ಕ್ಯಾಪಿಟಲ್ ಅಕ್ಷರದಲ್ಲಿರೋ ಹೆಸರು ನಿಮ್ಮದಲ್ಲ, ಅದು ಸರ್ಕಾರ ನಿಲ್ಲಿಸಿದ ಹುಲ್ಲಿನ ಬೊಂಬೆ. ಸಾಲ, ದಂಡ ಎಲ್ಲ ಬೊಂಬೆಗೆ ಸೇರಿದ್ದು. ಆ ಹೆಸರಿಗೆ ಕಾಪಿರೈಟ್ ಹಾಕಿಕೊಂಡರೆ ಅದನ್ನು ಬಳಸಿದ ಜಡ್ಜ್‌ಗೇ ಬಿಲ್ ಕಳಿಸಬಹುದಂತೆ! ಜೈಲಲ್ಲಿದ್ದ ಕೆಲವರು ಹಾಗೇ ಮಾಡಿ, ಅಧಿಕಾರಿಗಳ ಆಸ್ತಿ ಮೇಲೆ ಸುಳ್ಳು ಬಾಕಿ ದಾಖಲಿಸಿದರು. 2008ರಲ್ಲಿ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ ಫೆಡರಲ್ ಅಧಿಕಾರಿಗಳ ಮೇಲೆ ಇಂಥ ಸುಳ್ಳು ಬಾಕಿ ಹಾಕಿದರೆ 10 ವರ್ಷದವರೆಗೆ ಜೈಲು. (ಅಂದಹಾಗೆ ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಚಲನ್ ಕನ್ನಡದಲ್ಲಿ ಬರೆದರೆ ಬೊಂಬೆ ಎಲ್ಲಿ ಹೋಗುತ್ತೋ!)

ನಮ್ಮ 1957ರ ಕಾಪಿರೈಟ್ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಹಕ್ಕು ಇರೋದು ಸ್ವಂತ ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳಿಗೆ, ಜೊತೆಗೆ ಸಿನಿಮಾ, ಧ್ವನಿಮುದ್ರಣಕ್ಕೆ. ನಾವು ಬರೆಯೋ ಕೋಡ್ ಕೂಡ ಇದರಲ್ಲಿ ಸಾಹಿತ್ಯವೇ. ಆದರೆ ಪ್ರೋಗ್ರಾಂಗೆ ಹಕ್ಕು ಸಿಗುತ್ತೆ ಅಂತ ಒಂದು ವೇರಿಯೇಬಲ್‌ನ ಹೆಸರಿಗೆ ಸಿಗಲ್ಲ. 'ದೇಸಿ ಬಾಯ್ಜ್' ಸಿನಿಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಬರೀ ಶೀರ್ಷಿಕೆಗೆ ಕಾಪಿರೈಟ್ ಇಲ್ಲ ಅಂತ ಹೇಳಿದೆ.

ಸರಿ, ಇದೆ ಅಂತಲೇ ಇಟ್ಟುಕೊಳ್ಳೋಣ. 17ನೇ ಸೆಕ್ಷನ್ ಪ್ರಕಾರ ಮೊದಲ ಮಾಲೀಕರು ಕೃತಿ ರಚಿಸಿದವರು. ಸಾಲೋಟಗಿಯ ಹೆಸರು ಹುಡುಕಿದ್ದು ಅವನ ಸೋದರತ್ತೆ, ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಕರೆದದ್ದೂ ಅವರೇ. ಅಂದರೆ ಹಾಲ್ ಟಿಕೆಟ್ ಮೇಲೆ ಹೆಸರು ಬರೆಯೋಕೆ ಇವನೇ ಅತ್ತೆಯ ಪರ್ಮಿಷನ್ ಕೇಳಬೇಕು, ಅದೂ ಅತ್ತೆ ತೀರಿಕೊಂಡು 60 ವರ್ಷ ಆಗೋ ತನಕ. ಇಷ್ಟಾದರೂ ಉಪಯೋಗವಿಲ್ಲ. ನ್ಯಾಯಾಲಯದ ಕಲಾಪಕ್ಕಾಗಿ ಯಾವ ಕೃತಿಯನ್ನಾದರೂ ಬಳಸಬಹುದು ಅಂತ 52ನೇ ಸೆಕ್ಷನ್‌ನಲ್ಲೇ ಇದೆ.

ಇನ್ನು ಅಡ್ಡಹೆಸರು. ಅದು ಊರಿನದು. ಆ ಊರಿನಲ್ಲಿ ಸಿಕ್ಕ ಕ್ರಿ.ಶ. 945ರ ಕಂಬದ ಶಾಸನ, ಮೂರನೇ ಕೃಷ್ಣನ ಮಂತ್ರಿ ನಾರಾಯಣ ಪಾವಿಟ್ಟಗೆಯಲ್ಲಿ ಕಟ್ಟಿಸಿದ ಶಾಲೆಯ ಬಗ್ಗೆ ಹೇಳುತ್ತೆ. ಬೇರೆ ಬೇರೆ ನಾಡಿನ ವಿದ್ಯಾರ್ಥಿಗಳು ಬರ್ತಿದ್ದರು, ಅವರಿಗೆ 27 ಮನೆ ಕೊಟ್ಟಿದ್ದರು (ಅಂದರೆ ಹಾಸ್ಟೆಲ್!). ಶಾಲೆ ಮತ್ತು ಪಾವಿಟ್ಟಗೆ ಸೇರಿಯೇ ಸಾಲೋಟಗಿ ಆಯ್ತು ಅಂತಾರೆ. ಸಾವಿರ ವರ್ಷದ ಹೆಸರಿಗೆ ನಮ್ಮ ರೂಮಿನಿಂದ ಅರ್ಜಿ ಹಾಕೋದು ಹೇಗೆ?

ಹಾಗಂತ ಹೆಸರಿಗೆ ರಕ್ಷಣೆಯೇ ಇಲ್ಲ ಅಂತಲ್ಲ. ರಜನೀಕಾಂತ್ ತಮ್ಮ ಹೆಸರು ಬಳಸಿದ ಸಿನಿಮಾದ ವಿರುದ್ಧ ಮದ್ರಾಸ್ ಹೈಕೋರ್ಟಿಗೆ ಹೋಗಿ 2015ರಲ್ಲಿ ಗೆದ್ದರು. ಅದು ವ್ಯಕ್ತಿತ್ವದ ಹಕ್ಕು, ಹೆಸರಿನಿಂದ ದುಡ್ಡು ಮಾಡೋರನ್ನು ತಡೆಯೋಕೆ. ನಮ್ಮಲ್ಲಿ ಹೆಸರಿನ ದೊಡ್ಡ ಜಗಳ ಬಸವಣ್ಣನ ಅಂಕಿತದ ಮೇಲೆ ಆಯ್ತು. ಮಾತೆ ಮಹಾದೇವಿ 'ವಚನ ದೀಪ್ತಿ'ಯಲ್ಲಿ 'ಕೂಡಲಸಂಗಮದೇವ' ತೆಗೆದು 'ಲಿಂಗದೇವ' ಹಾಕಿದರು. ಸರ್ಕಾರ 1998ರಲ್ಲಿ ಪುಸ್ತಕ ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು. ಅಲ್ಲೂ ಕಾರಣ ಕಾಪಿರೈಟ್ ಅಲ್ಲ, ಧಾರ್ಮಿಕ ಭಾವನೆಗೆ ಧಕ್ಕೆ. ಹನ್ನೆರಡನೇ ಶತಮಾನದ ವಚನಕ್ಕೆ ಕಾಪಿರೈಟ್ ಯಾರದು?

ಸಾಲೋಟಗಿ ಮರುದಿನ ದಂಡ ಕಟ್ಟಿದ. ಸಾಹಿತ್ಯ ಕೃತಿಯ ಕಾಪಿರೈಟ್ ಅರ್ಜಿಗೂ ಫೀಸು 500 ರೂಪಾಯಿಯೇ, ಅದು ಉಳೀತು. ಈಗ ಮಿನಿ ಪ್ರಾಜೆಕ್ಟ್ ಕೋಡ್‌ಗೆ ತನ್ನ ಹೆಸರಲ್ಲಿ ಅರ್ಜಿ ಹಾಕಬಹುದಾ ಅಂತ ಕೇಳ್ತಿದ್ದಾನೆ. ಕೋಡ್‌ಗೆ ಹಾಕಬಹುದು. ಆದರೆ ಅದನ್ನು ಬರೆದವರು ನಾವು ನಾಲ್ಕು ಜನ.